ಪೆಪ್ಪರ್ ಅಂದ್ರೆ ಯಾವ ಮೆಣಸು? ಕಂಡುಹಿಡಿಯೋದು ಹೀಗೆ

ಕೊಡಗಿನ ಸಿದ್ದಾಪುರದ ಹತ್ರ ನಮ್ದೊಂದು ಸಣ್ಣ ತೋಟ, ಕಾಫಿ, ಮಧ್ಯೆ ಸಿಲ್ವರ್ ಮರ, ಹಾಲುವಾಣ, ಅವಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಮನೆ ಪಕ್ಕ ಹೋಂಸ್ಟೇಗೆ ಅಂತ ಎರಡು ರೂಮು. ಅಡುಗೆ ನಾನು ಮತ್ತೆ ಅತ್ತೆ ಮಾಡೋದು. ಒಂದು ಮಳೆಗಾಲ ಇಂಗ್ಲೆಂಡಿನ ಒಬ್ರು ವಯಸ್ಸಾದ ಅಮ್ಮ ಬಂದಿದ್ರು, ನಾಲ್ಕು ದಿನ ನಮ್ಮ ಅಡುಗೆ ತಿಂದು ಬಾಯಿ ಸೋತಿತ್ತು ಅಂತ ಕಾಣುತ್ತೆ, ನಮ್ಮೂರ ಸೂಪು ಮಾಡ್ಕೊಡ್ತೀರಾ ಅಂತ ಕೇಳಿ ಒಂದು ಚೀಟಿ ಬರ್ಕೊಟ್ರು. ನಾಲ್ಕು ರೆಡ್ ಪೆಪ್ಪರ್ಸ್, ಎರಡು ಟೊಮೆಟೊ, ಒಂದು ಈರುಳ್ಳಿ, ಪೆಪ್ಪರ್ಸ್ ಬೆಂಕಿಲಿ ಸುಟ್ಟು ಸಿಪ್ಪೆ ತೆಗೆದು ರುಬ್ಬಿ, ಹಿಂಗೆ. ಪೆಪ್ಪರ್ ಅಂದ್ರೆ ನಮ್ಮನೇಲಿ ಕರೀದು, ಕಣದ ತುಂಬ ಒಣಗೋದು, ಆದ್ರೆ ಇಲ್ಲಿ ರೆಡ್ ಅಂತ ಬರ್ದಿದೆಯಲ್ಲ, ಹಂಗಾದ್ರೆ ಕೆಂಪು ಮೆಣಸಿನಕಾಯಿನೇ ಅಂದ್ಕೊಂಡು ಹಿತ್ಲಲ್ಲಿ ಹಣ್ಣಾಗಿದ್ದ ನಾಲ್ಕು ಮೆಣಸಿನಕಾಯಿ ಕಿತ್ತು ಸುಟ್ಟೆ. ಸಿಪ್ಪೆ ತೆಗಿಯೋಕೆ ಹೋದ್ರೆ ಕೈಗೆ ಏನೂ ಸಿಗ್ತಿಲ್ಲ. ಆಗ್ಲೇ ಬುದ್ಧಿ ಬರ್ಬೇಕಿತ್ತು. ಬರ್ಲಿಲ್ಲ, ಸಿಪ್ಪೆ ಸಮೇತ ರುಬ್ಬಿ ಹಾಕ್ದೆ.

ಆಮೇಲೆ ಏನಾಯ್ತು ಅಂತ ನಾನು ಬೇರೆ ಹೇಳ್ಬೇಕಾ. ಪಾಪ ಅವರು ಒಂದು ಚಮಚ ಬಾಯಿಗಿಟ್ರು, ಕಣ್ಣಲ್ಲಿ ನೀರು, ಮಾತೇ ಇಲ್ಲ. ನಾನು ಗಾಬರಿಲಿ ನೀರು ಕೊಟ್ಟೆ, ಅತ್ತೆ ನನ್ನ ಕೈ ತಳ್ಳಿ ಗಟ್ಟಿ ಮೊಸರು ಕೊಟ್ರು. ಅದೇ ಸರಿ ಅಂತ ಆಮೇಲೆ ಗೊತ್ತಾಯ್ತು, ಮೆಣಸಿನಕಾಯಿ ಖಾರ ಕ್ಯಾಪ್ಸೈಸಿನ್ ಅನ್ನೋ ವಸ್ತುವಿಂದ, ಅದು ನೀರಲ್ಲಿ ಕರಗಲ್ಲ, ನೀರು ಕುಡಿದ್ರೆ ಬಾಯಿ ತುಂಬ ಹರಡ್ಕೊಳ್ಳುತ್ತೆ ಅಷ್ಟೇ, ಹಾಲು ಮೊಸರಿಗಾದ್ರೆ ಬಗ್ಗುತ್ತೆ.

ಅವತ್ತಿಂದ ಈ ಒಂದು ಪದದ ಹಿಂದೆ ಬಿದ್ದೆ. ನಮ್ಮ ಕಡೆ ಹೋಂಸ್ಟೇ ನಡ್ಸೋರು, ಯೂಟ್ಯೂಬ್ ನೋಡ್ಕೊಂಡು ಅಡುಗೆ ಮಾಡೋರು, ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡೋರು ಎಲ್ರಿಗೂ ಉಪಯೋಗ ಆಗ್ಲಿ ಅಂತ ನಾನು ಕಲ್ತಿದ್ದನ್ನ ಬರೀತಿದೀನಿ. ಮೊದ್ಲು ಪೆಪ್ಪರ್ ಅಂದಾಗ ಯಾವ ವಸ್ತು ಅಂತ ಗುರುತು ಹಿಡಿಯೋದು ಹೇಗೆ, ಆಮೇಲೆ ಇಂಥ ಪದದ ಹುಟ್ಟು ಹುಡುಕೋದು ಹೇಗೆ. ಎರಡನೇದು ಸುಮ್ನೆ ಶೋಕಿಗಲ್ಲ, ಹುಟ್ಟು ಗೊತ್ತಾದ್ರೇನೇ ಈ ಗೊಂದಲ ಯಾಕೆ ಅಂತ ತಲೆಗೆ ಹೋಗೋದು.

ಅಳತೆ ನೋಡೋದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ರೆಸಿಪಿಲಿ ಅರ್ಧ ಚಮಚ ಪೆಪ್ಪರ್ ಅಂತ ಇದ್ರೆ ಅದು ನಮ್ಮ ಕರಿಮೆಣಸಿನ ಪುಡಿ, ಯೋಚ್ನೆನೇ ಬೇಡ. ಎರಡು ಪೆಪ್ಪರ್ಸ್, ಒಂದು ಲಾರ್ಜ್ ಪೆಪ್ಪರ್ ಅಂತ ಲೆಕ್ಕ ಹಾಕಿ ಬರ್ದಿದ್ರೆ ಅದು ಕಾಯಿ. ಇಂಗ್ಲಿಷಲ್ಲಿ ಕಾಳುಮೆಣಸಿಗೆ ಅಕ್ಕಿ, ಉಪ್ಪಿನ ಹಾಗೆ ಎಣಿಕೆ ಇಲ್ಲ, ಕೊನೇಲಿ ಎಸ್ ಸೇರಲ್ಲ. ಒಂದೊಂದು ಕಾಳು ಎಣಿಸ್ಬೇಕು ಅಂದ್ರೆ ಪೆಪ್ಪರ್‌ಕಾರ್ನ್ ಅಂತಾರೆ. ಅಲ್ಲಿ ಕಾರ್ನ್ ಅಂದ್ರೆ ಜೋಳ ಅಲ್ಲ, ಹಳೇ ಇಂಗ್ಲಿಷಲ್ಲಿ ಕಾರ್ನ್ ಅಂದ್ರೆ ಕಾಳು, ಅಂದ್ರೆ ಅವರ ಪೆಪ್ಪರ್‌ಕಾರ್ನ್ ನಮ್ಮ ಕಾಳುಮೆಣಸಿನ ತದ್ರೂಪ. ಕಾರ್ನ್ಡ್ ಬೀಫ್ ಅಂತ ಡಬ್ಬಿ ಮೇಲೆ ಬರೋದು ಕೂಡ ಕಾಳಿನ ಗಾತ್ರದ ಉಪ್ಪಿನ ಹರಳು ಹಾಕಿ ಇಡ್ತಿದ್ದ ಮಾಂಸ ಅಂತ, ಜೋಳಕ್ಕೂ ಅದಕ್ಕೂ ಸಂಬಂಧ ಇಲ್ಲ. ನನ್ನ ಚೀಟಿಲಿ ನಾಲ್ಕು ಅಂತ ಇತ್ತಲ್ಲ, ಆದ್ರಿಂದ ಕಾಯಿ ಅನ್ನೋವರ್ಗೆ ನಾನು ಸರಿ ಇದ್ದೆ, ಯಾವ ಕಾಯಿ ಅನ್ನೋದ್ರಲ್ಲಿ ಬಿದ್ದೆ.

ಅದಕ್ಕೆ ಎರಡನೇದಾಗಿ ಕೆಲಸ ನೋಡ್ಬೇಕು, ಆ ವಸ್ತುನ ಏನು ಮಾಡಿ ಅಂತ ಹೇಳಿದ್ದಾರೆ ಅಂತ. ಕುಟ್ಟಿ, ಉದುರಿಸಿ ಅಂದ್ರೆ ಕಾಳು. ತುಂಬ್ಸಿ, ಸುಟ್ಟು ಸಿಪ್ಪೆ ತೆಗೀರಿ, ಉದ್ದುದ್ದಕ್ಕೆ ಹೆಚ್ಚಿ ಅಂದ್ರೆ ದೊಣ್ಣೆ ಮೆಣಸಿನಕಾಯಿ, ಅದೇ ನಾವು ಕ್ಯಾಪ್ಸಿಕಂ ಅಂತೀವಲ್ಲ ಅದು. ಒಳಗಿನ ಬೀಜ ತೆಗೀರಿ, ಹುಷಾರು, ಕೈ ತೊಳ್ಕೊಳ್ಳಿ ಅಂತ ಬರ್ದಿದ್ರೆ ಖಾರದ ಮೆಣಸಿನಕಾಯಿ. ಅಡುಗೆ ಗೊತ್ತಿರೋ ಯಾರಿಗಾದ್ರೂ ಇದು ಸಾಕು, ಡಿಕ್ಷನರಿನೇ ಬೇಡ. ನಾಲ್ಕು ಸಣ್ಣ ಮೆಣಸಿನಕಾಯಿ ಸುಟ್ಟು ಸಿಪ್ಪೆ ಯಾರಾದ್ರೂ ತೆಗೀತಾರಾ ಅಂತ ಅತ್ತೆ ಈಗ್ಲೂ ಕೇಳ್ತಾರೆ.

ಹೇಳೋರ ಊರು ಯಾವುದು ಅಂತ್ಲೂ ಗೊತ್ತಿರ್ಬೇಕು. ಇಂಗ್ಲೆಂಡಿನೋರು ದೊಣ್ಣೆ ಮೆಣಸಿನಕಾಯಿಗೆ ಬರೀ ಪೆಪ್ಪರ್ ಅಂತಾರೆ, ಮುಂದೆ ಬಣ್ಣ ಸೇರಿಸ್ತಾರೆ, ರೆಡ್ ಪೆಪ್ಪರ್, ಗ್ರೀನ್ ಪೆಪ್ಪರ್, ಯೆಲ್ಲೋ ಪೆಪ್ಪರ್. ಖಾರದ್ದಕ್ಕೆ ಚಿಲ್ಲಿ ಅಂತಾರೆ. ಅಮೆರಿಕದೋರು ದೊಣ್ಣೆದಕ್ಕೆ ಬೆಲ್ ಪೆಪ್ಪರ್, ಖಾರದ್ದಕ್ಕೆ ಹಾಟ್ ಪೆಪ್ಪರ್ ಅಥ್ವಾ ಚಿಲ್ಲಿ ಪೆಪ್ಪರ್, ಪಿಜ್ಜಾ ಜೊತೆ ಬರೋ ಒಣ ಚೂರಿಗೆ ರೆಡ್ ಪೆಪ್ಪರ್ ಫ್ಲೇಕ್ಸ್ ಅಂತಾರೆ, ಎಲ್ಲಾ ಪೆಪ್ಪರೇ ಅವ್ರಿಗೆ. ಅದ್ರ ಮೇಲೆ ಅಮೆರಿಕದ ಚಿಲ್ಲಿ ಪೌಡರ್ ಅಂದ್ರೆ ನಮ್ಮ ಅಚ್ಚಖಾರದ ಪುಡಿ ಅಲ್ಲ, ಅದ್ರಲ್ಲಿ ಜೀರಿಗೆ, ಬೆಳ್ಳುಳ್ಳಿ, ಓರೆಗಾನೊ ಎಲ್ಲಾ ಸೇರಿರುತ್ತೆ, ಅವರ ರೆಸಿಪಿಲಿ ಎರಡು ದೊಡ್ಡ ಚಮಚ ಅಂತ ಇದೆ ಅಂತ ನಮ್ಮ ಪುಡಿ ಎರಡು ದೊಡ್ಡ ಚಮಚ ಹಾಕಿದ್ರೆ ಮತ್ತೆ ಮೊಸರೇ ಗತಿ. ಆಸ್ಟ್ರೇಲಿಯಾದೋರು ನಮ್ಮ ಥರಾನೇ ಕ್ಯಾಪ್ಸಿಕಂ ಅಂತಾರೆ. ನನ್ನ ಕೇಳಿದ್ರೆ ನಮ್ಮ ದೇಶದ ಇಂಗ್ಲಿಷೇ ಇದ್ರಲ್ಲಿ ವಾಸಿ, ಕಾಳಿಗೆ ಪೆಪ್ಪರ್, ಖಾರದ ಕಾಯಿಗೆ ಚಿಲ್ಲಿ, ದಪ್ಪದಕ್ಕೆ ಕ್ಯಾಪ್ಸಿಕಂ, ಮೂರು ವಸ್ತುಗೆ ಮೂರು ಹೆಸರು, ಜಗಳ ಇಲ್ಲ. ಗೋಣಿಕೊಪ್ಪದ ಯಾವ ಹೋಟ್ಲಲ್ಲಾದ್ರೂ ಪೆಪ್ಪರ್ ಚಿಕನ್ ಅಂದ್ರೆ ಕರಿಮೆಣಸಿನದೇ ಬರುತ್ತೆ.

ಗ್ರೀನ್ ಪೆಪ್ಪರ್ ಅನ್ನೋದು ಮಾತ್ರ ನಮ್ಮಂಥ ಬೆಳೆಗಾರರಿಗೆ ದೊಡ್ಡ ತೊಡಕು. ನಮಗೆ ಗ್ರೀನ್ ಪೆಪ್ಪರ್ ಅಂದ್ರೆ ಬಳ್ಳಿಲಿರೋ ಹಸಿ ಕಾಳು, ಉಪ್ಪಿನಕಾಯಿ ಹಾಕೋದು. ಇಂಗ್ಲೆಂಡಿನೋರಿಗೆ ಹಸಿರು ಕ್ಯಾಪ್ಸಿಕಂ. ಥಾಯ್ ಅಡುಗೆಲಿ ಹಸಿ ಮೆಣಸಿನ ಗೊಂಚಲನ್ನ ಹಂಗೇ ಕಡ್ಡಿ ಸಮೇತ ಹಾಕ್ತಾರೆ, ಅಲ್ಲಿ ಗ್ರೀನ್ ಪೆಪ್ಪರ್‌ಕಾರ್ನ್ ಅಂತ ಸ್ಪಷ್ಟವಾಗಿ ಬರ್ದಿರುತ್ತೆ. ಕಾರ್ನ್ ಅಂತ ಇದ್ಯಾ ನೋಡಿ, ಇದ್ರೆ ಬಳ್ಳಿದು, ಇಲ್ದಿದ್ರೆ ಗಿಡದ್ದು. ಬ್ಲ್ಯಾಕ್ ಮತ್ತೆ ವೈಟ್ ಎರಡೂ ಒಂದೇ ಬಳ್ಳಿದು ಅಂತ ನಮ್ಮೋರಿಗೆ ಹೇಳ್ಬೇಕಾಗಿಲ್ಲ, ಆದ್ರೆ ಗೆಸ್ಟುಗಳಿಗೆ ಪ್ರತಿಸಲ ಹೇಳ್ಬೇಕು: ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದಾಗ ಕಿತ್ತು, ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ಕಣದಲ್ಲಿ ಒಣಗಿಸಿದ್ರೆ ಕರಿಮೆಣಸು, ಪೂರ್ತಿ ಹಣ್ಣಾಗೋಕೆ ಬಿಟ್ಟು, ವಾರದ ಮೇಲೆ ನೀರಲ್ಲಿ ನೆನೆಹಾಕಿ, ಕೊಳೆತ ಸಿಪ್ಪೆನ ಉಜ್ಜಿ ತೆಗೆದ್ರೆ ಬಿಳಿಮೆಣಸು. ನೂರು ಕೆಜಿ ಹಸಿ ಕಾಳು ಒಣಗಿದ್ರೆ ಮೂವತ್ತು ಮೂವತ್ಮೂರು ಕೆಜಿ ಸಿಗುತ್ತೆ ಅಂದಾಗ ಅವರ ಮುಖ ನೋಡ್ಬೇಕು, ಪೆಪ್ಪರ್ ರೇಟ್ ಯಾಕೆ ಅಷ್ಟು ಅಂತ ಆಮೇಲೆ ಕೇಳಲ್ಲ.

ಇನ್ನು ಹೆಸರಲ್ಲಿ ಪೆಪ್ಪರ್ ಇದ್ದು ಕಾಳೂ ಅಲ್ಲ ಕಾಯಿನೂ ಅಲ್ಲದವು. ಸಿಚುವಾನ್ ಪೆಪ್ಪರ್ ನಿಂಬೆ ಜಾತಿದು, ಕರಾವಳಿಲಿ ಮೀನಿಗೆ ಹಾಕೋ ಜುಮ್ಮನಕಾಯಿ ಇದೆಯಲ್ಲ, ತಿಂದ್ರೆ ನಾಲಿಗೆ ಜುಂ ಅನ್ನುತ್ತೆ, ಅದ್ರ ಹತ್ತಿರದ ನೆಂಟ. ಪಿಂಕ್ ಪೆಪ್ಪರ್ ಗೇರು ಜಾತಿದು. ಜಮೈಕಾ ಪೆಪ್ಪರ್ ಅಂದ್ರೆ ಆಲ್‌ಸ್ಪೈಸ್, ನಮ್ಮ ಎಷ್ಟೋ ಮನೆ ಅಂಗಳದಲ್ಲಿ ಸರ್ವಸಾಂಬಾರ ಅಂತ ಎಲೆಗೋಸ್ಕರ ನೆಟ್ಟಿರ್ತಾರೆ. ಪೆಪ್ಪರ್ ಸ್ಪ್ರೇಲಿ ಇರೋದು ಮೆಣಸಿನಕಾಯಿ ಸತ್ವ, ಕರಿಮೆಣಸಲ್ಲ. ಪೆಪ್ಪರ್‌ಮಿಂಟು ಒಂದು ಪುದೀನ, ನಾಲಿಗೆಗೆ ಚುರುಕು ಅಂತ ಆ ಹೆಸರು. ಪೆಪ್ಪರೋನಿ ಕಥೆ ಇನ್ನೂ ಮಜಾ. ಅಮೆರಿಕದಲ್ಲಿ ಅದು ಪಿಜ್ಜಾ ಮೇಲೆ ಹಾಕೋ ಖಾರದ ಮಾಂಸದ ಬಿಲ್ಲೆ, ಇಟಲಿಗೆ ಹೋಗಿ ಪೆಪೆರೋನಿ ಪಿಜ್ಜಾ ಕೊಡಿ ಅಂದ್ರೆ ಕ್ಯಾಪ್ಸಿಕಂ ಹಾಕಿದ್ದು ತಂದಿಡ್ತಾರೆ. ಅಲ್ಲಿ ಕರಿಮೆಣಸು ಪೆಪೆ, ದೊಡ್ಡದು ಪೆಪೆರೋನೆ, ಸಣ್ಣ ಖಾರದ್ದು ಪೆಪೆರೊಂಚಿನೊ. ಕೊನೆಗೆ ಓನೆ ಸೇರಿದ್ರೆ ದೊಡ್ಡದು, ಇನೊ ಸೇರಿದ್ರೆ ಚಿಕ್ಕದು, ನಾವು ದೊಣ್ಣೆ ಮೆಣಸಿನಕಾಯಿ, ಸೂಜಿ ಮೆಣಸು ಅಂತ ಮುಂದೆ ಸೇರಿಸ್ತೀವಿ, ಅವರು ಹಿಂದೆ ಅಂಟಿಸ್ತಾರೆ.

ಅಲರ್ಜಿ ವಿಷ್ಯ ಬಂದ್ರೆ ಮಾತ್ರ ಈ ಯಾವ ಪರೀಕ್ಷೆನೂ ನಂಬ್ಬೇಡಿ. ನೋ ಪೆಪ್ಪರ್ಸ್ ಪ್ಲೀಸ್, ಅಲರ್ಜಿ ಅಂತ ಒಬ್ಬ ಹುಡುಗ ಹೇಳಿದ, ನಾನು ಶ್ರದ್ಧೆಯಿಂದ ಎಲ್ಲದ್ರಿಂದ್ಲೂ ಕರಿಮೆಣಸು ತೆಗೆದು ಅದ್ರ ಬದ್ಲು ಹಸಿಮೆಣಸಿನಕಾಯಿ ಹಾಕೋಕೆ ಹೊರಟಿದ್ದೆ. ಅವನಿಗೆ ಆಗ್ತಿರ್ಲಿಲ್ಲ ಅಂತಿದ್ದದ್ದೇ ಮೆಣಸಿನಕಾಯಿ ಜಾತಿ! ಪುಣ್ಯಕ್ಕೆ ಅಡುಗೆಮನೆಗೆ ಇಣುಕಿ ನೋಡ್ದ. ಈಗ ನಮ್ಮನೇಲಿ ಒಂದು ಸ್ಟೀಲ್ ತಟ್ಟೆ ಇದ್ದೇ ಇರುತ್ತೆ, ಅದ್ರಲ್ಲಿ ಒಂದು ಮೂಲೇಲಿ ಕರಿಮೆಣಸಿನ ಕಾಳು, ಇನ್ನೊಂದ್ಕಡೆ ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ, ಮಧ್ಯ ಒಂದು ಕ್ಯಾಪ್ಸಿಕಂ, ಅದು ಮಡಿಕೇರಿ ಶುಕ್ರವಾರದ ಸಂತೆದು, ಬಾಡೋವರ್ಗೂ ಅದೇ. ಗೆಸ್ಟ್ ಬಂದ ದಿನ ತಟ್ಟೆ ಮುಂದಿಟ್ಟು ಯಾವುದು ಬೇಡ ಅಂತ ಕೇಳ್ತೀನಿ, ಬೆರಳು ತೋರಿಸ್ತಾರೆ, ಮುಗೀತು.

ಸರಿ, ಇದು ಅರ್ಥದ ಮಾತಾಯ್ತು. ಒಂದು ಪದ ಇಷ್ಟೊಂದು ವಸ್ತುಗೆ ಯಾಕೆ ಅಂಟ್ಕೊಳ್ತು ಅಂತ ನೋಡೋಕೆ ಹುಟ್ಟು ಹುಡುಕ್ಬೇಕು. ಅದಕ್ಕೆ ಒಳ್ಳೆ ಇಂಗ್ಲಿಷ್ ಡಿಕ್ಷನರಿಲಿ ಪದದ ಅರ್ಥ ಎಲ್ಲಾ ಮುಗಿದ್ಮೇಲೆ, ಕೆಲವದ್ರಲ್ಲಿ ಶುರುವಲ್ಲೇ, ಆರಿಜಿನ್ ಅಂತ ಒಂದು ಸಾಲು ಇರುತ್ತೆ, ನಾವು ಯಾರೂ ಅದನ್ನ ಓದಲ್ಲ. ಆ ಸಾಲು ಈಗಿನ ಕಾಲದಿಂದ ಹಿಂದಕ್ಕೆ ಹೋಗುತ್ತೆ, ಮಗ, ಅಪ್ಪ, ಅಜ್ಜ, ಮುತ್ತಜ್ಜ ಅನ್ನೋ ಹಂಗೆ. ಬಾಯಿ ತೆರೆದ ಬಾಣದ ಥರ ಒಂದು ಗುರುತು ಇದ್ರೆ ಇದು ಅದ್ರಿಂದ ಬಂತು ಅಂತ ಅರ್ಥ. ಪದದ ಮುಂದೆ ನಕ್ಷತ್ರದ ಗುರುತು ಇದ್ರೆ ಆ ರೂಪ ಎಲ್ಲೂ ಬರ್ದಿಟ್ಟಿದ್ದು ಸಿಕ್ಕಿಲ್ಲ, ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿದ್ದು ಅಂತ, ನಕ್ಷತ್ರ ಕಂಡಲ್ಲಿ ಸ್ವಲ್ಪ ನಿಧಾನ ಮಾಡಿ. ಪೆಪ್ಪರ್‌ದು ಹೀಗಿದೆ: ಹಳೇ ಇಂಗ್ಲಿಷಲ್ಲಿ ಪಿಪೊರ್, ಅದು ಲ್ಯಾಟಿನ್‌ನ ಪಿಪೆರ್ ಇಂದ, ಅದು ಗ್ರೀಕಿನ ಪೆಪೆರಿ ಇಂದ, ಅದ್ರ ಬುಡ ಸಂಸ್ಕೃತದ ಪಿಪ್ಪಲಿ.

ಇಲ್ಲಿ ನಾನು ಡಿಕ್ಷನರಿ ಕೆಳಗಿಟ್ಟು ಎರಡು ನಿಮಿಷ ಸುಮ್ನೆ ಕೂತೆ. ಪಿಪ್ಪಲಿ ಅಂದ್ರೆ ನಮ್ಮ ಹಿಪ್ಪಲಿ! ಹಳಗನ್ನಡದ ಪಾಲು ಹಾಲಾಯ್ತು, ಪುಲಿ ಹುಲಿ ಆಯ್ತು, ಪಾವು ಹಾವಾಯ್ತು, ಹಂಗೇ ಪಿಪ್ಪಲಿ ಹಿಪ್ಪಲಿ. ಅಂದ್ರೆ ಶುಂಠಿ, ಮೆಣಸು, ಹಿಪ್ಪಲಿ ಅಂತ ತ್ರಿಕಟು ಕಷಾಯಕ್ಕೆ ಹಾಕ್ತೀವಲ್ಲ ಆ ಹಿಪ್ಪಲಿನೂ ಇಂಗ್ಲಿಷ್ ಪೆಪ್ಪರೂ ಒಂದೇ ಅಜ್ಜಿ ಮೊಮ್ಮಕ್ಕಳು, ಒಂದು ಊರಲ್ಲೇ ಉಳೀತು, ಇನ್ನೊಂದು ಹಡಗು ಹತ್ತಿ ಹೋಯ್ತು. ನಡುವೆ ಪರ್ಷಿಯಾ ಕಡೆ ಬಾಯಿಗಳಲ್ಲಿ ಲಕಾರ ಹೋಗಿ ರಕಾರ ಆಗಿರ್ಬೇಕು ಅಂತ ವಿದ್ವಾಂಸರ ಅಭಿಪ್ರಾಯ. ಅರಬ್ಬಿಲಿ ಲ ಉಳ್ಕೊಂಡಿದೆ, ಅವರಿಗೆ ಪ ಇಲ್ಲ, ಅದಕ್ಕೆ ಫಿಲ್‌ಫಿಲ್.

ಆದ್ರೆ ಮೂಗಿಗೆ ತಾಗೋ ಸಂಗತಿ ಏನಪ್ಪಾ ಅಂದ್ರೆ, ಹಿಪ್ಪಲಿ ಕರಿಮೆಣಸಲ್ಲ. ಎರಡೂ ಒಂದೇ ಕುಲದ ಬಳ್ಳಿಗಳು, ಹಿಪ್ಪಲಿದು ಉದ್ದ ಕಡ್ಡಿ ಥರ ಕಾಯಿ, ಮೆಣಸಿಂದು ಗುಂಡು ಕಾಳು. ಸಂಸ್ಕೃತದಲ್ಲಿ ಕರಿಮೆಣಸಿಗೆ ಬೇರೆ ಪದಾನೇ ಇತ್ತು, ಮರೀಚ. ಗ್ರೀಕರು ಉದ್ದದ್ದರ ಹೆಸರನ್ನ ಕಲ್ತು ಗುಂಡಂದಕ್ಕೂ ಅದನ್ನೇ ಕರೆದ್ರು. ಥಿಯೋಫ್ರಾಸ್ಟಸ್ ಅಂತ ಗಿಡಗಳ ಬಗ್ಗೆ ಬರ್ದಿದ್ದ ಗ್ರೀಕ್ ಪಂಡಿತ, ಕ್ರಿಸ್ತನಿಗಿಂತ ಸುಮಾರು 300 ವರ್ಷ ಮುಂಚೆಯವನು, ಒಂದು ಗುಂಡಗಿರೋದು ಒಂದು ಉದ್ದಕ್ಕಿರೋದು ಅಂತ ಎರಡು ಪೆಪೆರಿ ಹೇಳ್ತಾನೆ. ಕ್ರಿಸ್ತಶಕ 79ರಲ್ಲಿ ತೀರಿಕೊಂಡ ರೋಮಿನ ಲೇಖಕ ಪ್ಲಿನಿ ರೇಟೇ ಬರ್ದಿಟ್ಟಿದ್ದಾನೆ, ಪೌಂಡಿಗೆ ಹಿಪ್ಪಲಿ 15 ದಿನಾರಿ, ಬಿಳಿಮೆಣಸು 7, ಕರಿಮೆಣಸು 4. ಅವತ್ತೂ ಬಿಳೀದಕ್ಕೇ ಜಾಸ್ತಿ ರೇಟು, ನೋಡಿ. ಕಾಲ ಹೋಗ್ತಾ ಹಿಪ್ಪಲಿನ ಯುರೋಪಿನೋರು ಮರ್ತೇ ಬಿಟ್ರು, ಅದ್ರ ಹೆಸರು ಮಾತ್ರ ಕರಿಮೆಣಸಿನ ಹತ್ರ ಉಳ್ಕೊಂಡ್ತು. ನಮ್ಮ ತೋಟಗಳಲ್ಲೂ ಈಗ ಹಂಗೇ ನಡೀತಿದೆ, ಸೊರಗು ರೋಗ ತಡ್ಕೊಳ್ಳಿ ಅಂತ ಬ್ರೆಜಿಲ್ ಹಿಪ್ಪಲಿ ಬೇರಿನ ಮೇಲೆ ಮೆಣಸಿನ ಬಳ್ಳಿ ಕಸಿ ಕಟ್ತಾರೆ, ಕೆಳಗೆ ಹಿಪ್ಪಲಿ ಮೇಲೆ ಮೆಣಸು, ಆ ಗ್ರೀಕರ ಹೆಸರಿನ ಥರಾನೇ.

ಇದು ಪದ ಮೊದಲ್ನೇ ಸಲ ಜಾರಿದ್ದು. ಎರಡನೇ ಸಲ ಜಾರಿಸಿದ್ದು ಕೊಲಂಬಸ್. ಅವನು 1492ರಲ್ಲಿ ಹೊರಟಿದ್ದೇ ನಮ್ಮ ಕಡೆಯ ಮೆಣಸು ಮಸಾಲೆ ಸಿಗುತ್ತೆ ಅಂತ, ಹೋಗಿ ಮುಟ್ಟಿದ್ದು ಬೇರೆ ಖಂಡ. ಅಲ್ಲಿ ಜನ ಅಹಿ ಅಂತ ಒಂದು ಖಾರದ ಕಾಯಿ ತಿಂತಿದ್ರು. 1493ರ ಜನವರಿ ದಿನಚರಿಲಿ ಇದು ಇವರ ಮೆಣಸು, ನಮ್ಮ ಮೆಣಸಿಗಿಂತ ಬೆಲೆಯುಳ್ಳದ್ದು ಅನ್ನೋ ಅರ್ಥದಲ್ಲಿ ಬರ್ದ್ಕೊಂಡ. ಗಿಡಕ್ಕೂ ಬಳ್ಳಿಗೂ ಯಾವ ಸಂಬಂಧಾನೂ ಇಲ್ಲ, ಮೆಣಸಿನಕಾಯಿ ಬದನೆ, ಟೊಮೆಟೊ, ಆಲೂಗಡ್ಡೆ ಕುಟುಂಬದ್ದು, ಖಾರದ ವಸ್ತುನೂ ಬೇರೆ, ಕರಿಮೆಣಸಿಂದು ಪೈಪರಿನ್, ಅದನ್ನ 1819ರಲ್ಲೇ ಬೇರ್ಪಡಿಸಿದ್ರು. ಆದ್ರೆ ನಾಲಿಗೆ ಸುಟ್ಟಿದ್ದು ಒಂದೇ ಥರ, ಹೆಸರೂ ಒಂದೇ ಆಯ್ತು. ಚಿಲ್ಲಿ ಅನ್ನೋ ಪದ ಮಾತ್ರ ಮೆಕ್ಸಿಕೋದ ನಾವಾಟಲ್ ಭಾಷೆದು, ಅದು ನ್ಯಾಯವಾದ ಹೆಸರು.

ಇಂಗ್ಲಿಷಿನೋರನ್ನ ನೋಡಿ ನಗೋಕೆ ಹೋಗಿ ನಾನು ನಮ್ಮ ಅಡುಗೆಮನೆನೇ ನೋಡ್ಕೊಂಡೆ. ಮೆಣಸು ಅಂದ್ರೆ ಮೊದ್ಲು ಬಳ್ಳಿ ಮೆಣಸೊಂದೇ. ಪೋರ್ಚುಗೀಸರ ಹಡಗಲ್ಲಿ ಹದಿನಾರನೇ ಶತಮಾನದಲ್ಲಿ ಹೊಸ ಕಾಯಿ ಬಂತು, ನಮ್ಮೋರು ಅದಕ್ಕೆ ಮೆಣಸಿನ ಕಾಯಿ ಅಂದ್ರು. ಅದು ಎಷ್ಟು ಬೆಳೀತು ಅಂದ್ರೆ ಈಗ ಅಂಗಡಿಲಿ ಬರೀ ಮೆಣಸು ಕೊಡಿ ಅಂದ್ರೆ ಯಾವುದು ಅಂತ ವಾಪಸ್ ಕೇಳ್ತಾರೆ, ಹಳೇ ಯಜಮಾನನೇ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಅಂತ ಬಾಲ ಹಚ್ಕೊಂಡು ಓಡಾಡ್ಬೇಕು. ತಮಿಳಲ್ಲಿ ಮಿಳಗು ಕಾಳು, ಮಿಳಗಾಯ್ ಕಾಯಿ. ತೆಲುಗಲ್ಲಿ ಮಿರಿಯಾಲು, ಮಿರಪಕಾಯ. ಹಿಂದಿಯ ಮಿರ್ಚ್ ಬಂದಿದ್ದು ಅದೇ ಮರೀಚದಿಂದ, ಈಗ ಅವರೂ ಕಾಲಿ ಮಿರ್ಚ್ ಅಂತ ಬಣ್ಣ ಸೇರಿಸ್ಬೇಕು. ಇನ್ನು ಕೊಡವ ಮಾತಲ್ಲಿ ಕರಿಮೆಣಸು ನಲ್ಲಮಳು, ನಲ್ಲ ಅಂದ್ರೆ ಒಳ್ಳೇದು, ತುಳುವಲ್ಲೂ ಎಡ್ಡೆ ಮುಂಚಿ ಅಂತಾರೆ, ಮಲಯಾಳದಲ್ಲಿ ನಲ್ಲಮುಳಗ್. ಅಂದ್ರೆ ಈ ಕಡೆಯೋರೆಲ್ಲ ಒಟ್ಟಿಗೆ ಕೂತು ತೀರ್ಮಾನ ಮಾಡ್ದಂಗೆ ನಮ್ದು ಒಳ್ಳೆ ಮೆಣಸು ಅಂತ ಠರಾವು ಪಾಸ್ ಮಾಡಿದ್ದಾರೆ. ಆ ಪುಟಾಣಿ ಗಾಂಧಾರಿ ಮೆಣಸಿಗೆ ಕೊಡವರು ಪರಂಗಿಮಳು ಅಂತಾರೆ, ಪರಂಗಿ ಅಂದ್ರೆ ವಿದೇಶದೋರು, ಎಲ್ಲಿಂದ ಬಂತು ಅನ್ನೋದನ್ನ ಹೆಸರಲ್ಲೇ ಕಟ್ಟಿಟ್ಟಿದ್ದಾರೆ. ಇಂಗ್ಲಿಷ್ ಡಿಕ್ಷನರಿಲಿ ನಾಲ್ಕು ಸಾಲು ಹಿಡಿಯೋ ಇತಿಹಾಸನ ನಮ್ಮ ಪಕ್ಕದ ಮನೆ ಅಕ್ಕ ಒಂದೇ ಪದದಲ್ಲಿ ಹೇಳ್ತಾರೆ.

ಹುಟ್ಟು ಹುಡುಕುವಾಗ ನಾನು ಇಟ್ಕೊಂಡಿರೋ ಸೂತ್ರ ಮೂರು ಪ್ರಶ್ನೆದು. ಸದ್ದು ಒಪ್ಪುತ್ತಾ, ಅರ್ಥ ಒಪ್ಪುತ್ತಾ, ದಾರಿ ಇತ್ತಾ. ಮೂರೂ ಹೌದು ಅಂದ್ರೆ ಮಾತ್ರ ನಂಬೋದು. ಪೆಪ್ಪರ್ ಪಿಪ್ಪಲಿ ಸದ್ದು ಹೊಂದುತ್ತೆ, ಎರಡೂ ಖಾರದ ವಸ್ತು, ಮತ್ತೆ ಮಲಬಾರಿಂದ ರೋಮಿಗೆ ಹಡಗು ಓಡಾಡ್ತಿದ್ದಿದ್ದು ಎಲ್ರಿಗೂ ಗೊತ್ತು. 408ರಲ್ಲಿ ಅಲಾರಿಕ್ ಅನ್ನೋ ಗಾಥ್ ದೊರೆ ರೋಮ್ ನಗರಕ್ಕೆ ಮುತ್ತಿಗೆ ಹಾಕಿ ಬಿಟ್ಟುಹೋಗೋಕೆ ಚಿನ್ನ ಬೆಳ್ಳಿ ರೇಷ್ಮೆ ಜೊತೆ 3000 ಪೌಂಡ್ ಮೆಣಸು ಕೇಳಿದ್ದ. ರೋಮಿನ ಪೌಂಡು ಸಣ್ಣದು, ಲೆಕ್ಕ ಹಾಕಿದ್ರೆ 980 ಕೆಜಿ ಹತ್ರ, ನಮ್ಮ ಐವತ್ತು ಕೆಜಿ ಚೀಲದಲ್ಲಿ ಇಪ್ಪತ್ತು ಚೀಲನೂ ತುಂಬಲ್ಲ. ರೋಮಿನಂಥ ಮಹಾನಗರಕ್ಕೆ ಇಪ್ಪತ್ತು ಚೀಲ! ಸುಂಟಿಕೊಪ್ಪ ಕಡೆ ಸುಮಾರಾಗಿರೋ ಪ್ಲಾಂಟರ್ ಒಬ್ರು ಒಂದು ಸೀಸನ್ನಲ್ಲಿ ಅಷ್ಟನ್ನ ಗೋಡೌನಿಗೆ ಹಾಕ್ತಾರೆ.

ಈಗ ಸೂತ್ರಕ್ಕೆ ಬೀಳೋ ಉದಾಹರಣೆ. ನಮ್ಮ ಭಾವ ಒಬ್ರಿದ್ದಾರೆ, ಮದುವೆ ಮನೆ ಪಂಕ್ತಿಲಿ ಕೂತ್ಕೊಂಡು ಮೆನು ಅನ್ನೋ ಪದ ನಮ್ಮ ಮೆಣಸಿಂದ ಬಂದಿದ್ದು ಗೊತ್ತಾ ಅಂತ ಹತ್ತು ಜನಕ್ಕೆ ಕೇಳೋ ಹಂಗೆ ಹೇಳಿದ್ರು. ಸದ್ದು ಅರ್ಧ ಒಪ್ಪುತ್ತೆ, ಮೆ ಇದೆ ಬಿಡಿ. ಅರ್ಥ? ಊಟದ ಪಟ್ಟಿಗೂ ಮೆಣಸಿಗೂ ಏನು ನೆಂಟಸ್ತನ. ದಾರಿ? ಮೆನು ಫ್ರೆಂಚ್ ಪದ, ಲ್ಯಾಟಿನ್ನಲ್ಲಿ ಚಿಕ್ಕದು, ಸಣ್ಣಸಣ್ಣ ವಿವರ ಅನ್ನೋ ಅರ್ಥದ ಮಿನೂಟಸ್ ಇಂದ ಬಂದಿದ್ದು, ಗಡಿಯಾರದ ಮಿನಿಟೂ ಅದ್ರದ್ದೇ ಕೂಸು. ಭಾವನಿಗೆ ಹೇಳ್ಲಿಲ್ಲ, ಪಂಕ್ತಿಲಿ ಹೇಳೋ ಮಾತಾ ಅದು.

ಇನ್ನೊಂದು ಎಚ್ಚರ, ಒಂದೇ ಥರ ಕಾಣೋದೆಲ್ಲ ಒಂದೇ ಬುಡದ್ದಲ್ಲ, ಬೇರೆ ಥರ ಕಾಣೋದು ಬೇರೇನೂ ಅಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿನ ಪೋರ್ಚುಗೀಸರು ರೈನಾ ದ ಪಿಮೆಂತಾ ಅಂತಿದ್ರು, ಮೆಣಸಿನ ರಾಣಿ ಅಂತ. ಆ ಪಿಮೆಂತಾ ಪೆಪ್ಪರ್ ಥರಾನೇ ಪ ಇಂದ ಶುರು ಆದ್ರೂ ಬುಡ ಬೇರೆ, ಬಣ್ಣ ಅನ್ನೋ ಅರ್ಥದ ಲ್ಯಾಟಿನ್ ಪಿಗ್ಮೆಂಟಂ, ಪೇಂಟಲ್ಲಿರೋ ಪಿಗ್ಮೆಂಟ್ ಅದೇ. ಹಂಗೇ ಮುಲ್ಲಿಗಟಾನಿ ಸೂಪ್ ಅಂತ ಇಂಗ್ಲಿಷ್ ಹೋಟ್ಲಲ್ಲಿ ನೋಡಿದ್ರೆ ಯಾವುದೋ ಫಾರಿನ್ ಅನ್ಸುತ್ತೆ, ಬಿಡಿಸಿದ್ರೆ ತಮಿಳಿನ ಮಿಳಗು ತಣ್ಣೀರ್, ಮೆಣಸಿನ ನೀರು, ಅಂದ್ರೆ ನಮ್ಮ ಸಾರಿನ ಅಣ್ಣತಮ್ಮ. ಹಂಗೆರಿಯ ಪಾಪ್ರಿಕಾ ಕೂಡ ಸುತ್ತಿ ಬಳಸಿ ಲ್ಯಾಟಿನ್ ಪಿಪೆರ್ ಮನೆತನದ್ದೇ.

ಪೆಪ್ ಟಾಕ್ ಅಂತಾರಲ್ಲ ಮ್ಯಾಚಿಗೆ ಮುಂಚೆ ಕೋಚ್ ಕೊಡೋದು, ಅದೂ ಪೆಪ್ಪರ್‌ನ ಅರ್ಧಕ್ಕೆ ಕತ್ತರಿಸಿ ಮಾಡಿದ್ದು, ಮೈಗೆ ಖಾರ ಹಚ್ಚೋದು ಅಂತ. ಡಚ್ಚರು ತುಂಬಾ ದುಬಾರಿ ಅನ್ನೋಕೆ ಈಗ್ಲೂ ಪೇಪರ್‌ದ್ಯೂರ್ ಅಂತಾರೆ, ಪೇಪರ್ ಅಂದ್ರೆ ಅವರ ಮೆಣಸು. ಇಂಗ್ಲಿಷರ ಕಾನೂನಲ್ಲಿ ಮಾತ್ರ ತಿರುಗುಮುರುಗು, ಪೆಪ್ಪರ್‌ಕಾರ್ನ್ ರೆಂಟ್ ಅಂದ್ರೆ ಹೆಸರಿಗೊಂದು ಬಾಡಿಗೆ, ವರ್ಷಕ್ಕೆ ಒಂದು ಕಾಳು. ಬರ್ಮುಡಾದಲ್ಲಿ ಒಂದು ಹಳೇ ಸರ್ಕಾರಿ ಕಟ್ಟಡಕ್ಕೆ ಇವತ್ತಿಗೂ ವರ್ಷಕ್ಕೊಂದು ಮೆಣಸಿನ ಕಾಳು ಮೆರವಣಿಗೆಲಿ ತಂದು ಬಾಡಿಗೆ ಕಟ್ತಾರಂತೆ. ಏಣಿ ಮೇಲೆ ನಿಂತು ಮೆಣಸು ಕುಯ್ಯೋರಿಗೆ ಇದನ್ನ ಹೇಳಿದೆ, ತೋಟದಲ್ಲಿ ನಾವಿರೋ ಲೈನ್ ಮನೆಗೂ ಹಂಗೇ ಮಾಡಿ ಅಕ್ಕ ಅಂದ್ರು.

ಕನ್ನಡದ ಕಡೆಯಿಂದ ಹುಡುಕ್ಬೇಕಾದ್ರೆ ಮಂಗಳೂರಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇದೆ, ದ್ರಾವಿಡ ಭಾಷೆಗಳ ನೆಂಟಸ್ತನ ಬೇಕಾದ್ರೆ ಬರ್ರೋ ಮತ್ತೆ ಎಮೆನೋ ಅನ್ನೋ ಇಬ್ರು ವಿದ್ವಾಂಸರು ಮಾಡಿದ ನಿಘಂಟು ಇದೆ, ಎರಡೂ ಫೋನಲ್ಲೇ ಬಿಟ್ಟಿ ಸಿಗುತ್ತೆ. ಎಮೆನೋ ಕೊಡವ ಭಾಷೆ ಮೇಲೂ ಕೆಲಸ ಮಾಡಿದ್ದವರು, ಆದ್ರಿಂದ ಕೊಡವ ಪದಗಳೂ ಅದ್ರಲ್ಲಿ ಇರ್ತವೆ. ಒಂದು ಪದ ತಗೊಂಡು ಇಂಗ್ಲಿಷ್ ಕಡೆಯಿಂದ ಒಂದ್ಸಲ, ನಮ್ಮ ಕಡೆಯಿಂದ ಒಂದ್ಸಲ ನೋಡಿ. ಶುರು ಮಾಡೋಕೆ ಶುಂಠಿ ಮತ್ತೆ ಜಿಂಜರ್ ತಗೊಳ್ಳಿ, ಅದೂ ನಮ್ಮ ದಕ್ಷಿಣದಿಂದ್ಲೇ ಹೊರಟಿದ್ದು, ದಾರಿ ನೀವೇ ಹಿಡೀರಿ.

ಹಾಂ, ಆ ಸೂಪು. ಮಾರನೇ ದಿನ ಕುಶಾಲನಗರಕ್ಕೆ ಹೋಗೋರ ಕೈಲಿ ನಾಲ್ಕು ಕೆಂಪು ಕ್ಯಾಪ್ಸಿಕಂ ತರ್ಸಿ, ಒಲೆ ಕೆಂಡದ ಮೇಲೆ ಕಪ್ಪಾಗೋವರ್ಗೂ ಸುಟ್ಟು, ಮುಚ್ಚಿಟ್ಟು, ಸಿಪ್ಪೆ ತೆಗೆದೆ, ಈ ಸಲ ಹಾವಿನ ಪೊರೆ ಥರ ಬಿಟ್ಕೊಂಡ್ತು. ಟೊಮೆಟೊ ಈರುಳ್ಳಿ ಬೇಯ್ಸಿ ರುಬ್ಬಿದೆ, ಬಣ್ಣ ಏನು ಚಂದ. ಆ ಅಮ್ಮ ಎರಡು ಬಟ್ಟಲು ಕುಡಿದ್ರು. ಅತ್ತೆ ಒಂದು ಚಮಚ ಬಾಯಿಗೆ ಹಾಕ್ಕೊಂಡು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಇದೇನು ಬಾಣಂತಿ ಸಾರಿಗಿಂತ ಸಪ್ಪೆ ಅಂತ, ಎದ್ದೋಗಿ ನಾಲ್ಕು ಒಳ್ಳೆಮೆಣಸು ಕುಟ್ಕೊಂಡು ಬಂದು ತಮ್ಮ ಬಟ್ಟಲಿಗೆ ಉದುರಿಸ್ಕೊಂಡ್ರು. ಆ ಅಮ್ಮ ಬಟ್ಟಲು ಮುಂದೆ ಚಾಚಿ, ಪೆಪ್ಪರ್, ಯೆಸ್ ಪ್ಲೀಸ್ ಅಂದ್ರು.